ಗಾಳ ಎಷ್ಟು ಮಾರಿನಲ್ಲಿ ಓಡುತ್ತಿದೆ?

ಅಂಜಲ್ ಮೀನಿಗೆ ಗಾಳ ಎಳೆಯಲು ಹೊರಡುವ ಸಣ್ಣ ದೋಣಿಗಳಲ್ಲಿ ಮಾತು ಮೊದಲು ಹೋಗುವುದು ಲೂರ್‌ನ, ಅಂದರೆ ಮೀನಿನ ಹಾಗೆ ಕಾಣುವ ನಕಲಿ ಎರೆಯ, ಬಣ್ಣಕ್ಕೆ. ಕೆಂಪು ತಲೆ ಬಿಳಿ ಮೈಯದ್ದು ಒಳ್ಳೆಯದೋ, ಬಂಗುಡೆಯ ಬೆನ್ನಿನ ಹಾಗೆ ಹಸಿರು ಪಟ್ಟೆಯದ್ದೋ, ಮೋಡ ಕವಿದರೆ ಯಾವುದು, ಬಿಸಿಲಿದ್ದರೆ ಯಾವುದು. ಮಲ್ಪೆಯ ಅಂಗಡಿಗಳಲ್ಲೂ ಇದೇ ಚರ್ಚೆ, ವಾಟ್ಸಾಪ್ ಗುಂಪುಗಳಲ್ಲೂ ಇದೇ. ಆ ಲೂರ್ ನೀರಿನೊಳಗೆ ಎಷ್ಟು ಮಾರು (ಒಂದು ಮಾರು ಸುಮಾರು ಆರು ಅಡಿ) ಕೆಳಗೆ ಓಡುತ್ತಿತ್ತು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಅಪರೂಪ. ನಮ್ಮ ಲೆಕ್ಕದಲ್ಲಿ ಕ್ರಮ ತಿರುಗಮುರುಗ ಆಗಬೇಕು: ಮೊದಲು ಆಳ, ಆಮೇಲೆ ವೇಗ, ಕಟ್ಟಕಡೆಗೆ ಬಣ್ಣ. ಮೀನಿಲ್ಲದ ಆಳದಲ್ಲಿ ಎಷ್ಟು ಚೆಂದದ ಲೂರ್ ಎಳೆದರೂ ಉರಿಯುವುದು ಪೆಟ್ರೋಲ್ ಮಾತ್ರ.

ಹೀಗೆ ಗಾಳ ಎಳೆಯುವುದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಇದು ಟ್ರಾಲ್‌ಬೋಟುಗಳು ಬಲೆ ಎಳೆಯುವ ಕೆಲಸವಲ್ಲ. ನಿಧಾನಕ್ಕೆ ಸಾಗುವ ದೋಣಿಯ ಹಿಂದೆ ಎರಡೋ ನಾಲ್ಕೋ ಗಾಳ ಬಿಟ್ಟು, ಓಡುವ ಮೀನಿನ ಹಾಗೆ ಅದನ್ನು ಎಳೆದುಕೊಂಡು ಹೋಗುವುದು. ಅಂಜಲ್, ಕೇದರ (ಟ್ಯೂನಾ), ಬರಾಕುಡಾ, ಟ್ರೆವಲಿ ಹೀಗೆ ಅಟ್ಟಿಸಿಕೊಂಡು ಹೋಗಿ ತಿನ್ನುವ ಮೀನುಗಳೆಲ್ಲ ಇದಕ್ಕೆ ಸಿಗುತ್ತವೆ.

ಆಳದ ಈ ವಿದ್ಯೆಯನ್ನು ಹೆಚ್ಚು ಶ್ರದ್ಧೆಯಿಂದ ಬೆಳೆಸಿದವರಲ್ಲಿ ಸಿಹಿನೀರಿನವರೂ ಇದ್ದಾರೆ. ಅಮೆರಿಕ ಮತ್ತು ಕೆನಡಾದ ನಡುವಿನ ಮಹಾಸರೋವರಗಳು ಹೆಸರಿಗೆ ಸರೋವರ, ಆಳ ನೋಡಿದರೆ ಸಮುದ್ರ. ಒಂಟಾರಿಯೋ ಸರೋವರದ ಅತಿ ಆಳದ ಜಾಗ 244 ಮೀಟರ್, ಮಿಷಿಗನ್ ಸರೋವರದ್ದು 281 ಮೀಟರ್. ಮಿಷಿಗನ್ ರಾಜ್ಯದ ಮೀನುಗಾರಿಕೆ ಇಲಾಖೆ 1966ರಲ್ಲಿ ಪೆಸಿಫಿಕ್ ಸಾಗರದ ಕೋಹೋ ಸಾಲ್ಮನ್ ಮರಿಗಳನ್ನು ಬಿಟ್ಟಿತು, ಮರುವರ್ಷ ಚಿನೂಕ್ ಮರಿಗಳನ್ನು. ಕಾರಣ ಏಲ್‌ವೈಫ್ ಎಂಬ ಸಣ್ಣ ಮೀನು. ಬೂತಾಯಿಯ ದೂರದ ಬಳಗಕ್ಕೆ ಸೇರಿದ ಈ ಅಟ್ಲಾಂಟಿಕ್ ಮೀನು ಕಾಲುವೆಗಳ ಮೂಲಕ ಸರೋವರಗಳಿಗೆ ನುಗ್ಗಿ, ತಿನ್ನುವವರಿಲ್ಲದೆ ಬೇಕಾಬಿಟ್ಟಿ ಬೆಳೆದಿತ್ತು. 1967ರ ಬೇಸಿಗೆಯಲ್ಲಿ ಅದರ ರಾಶಿ ರಾಶಿ ಹೆಣ ಮಿಷಿಗನ್ ಸರೋವರದ ದಡಕ್ಕೆ ಬಂದು ಬಿದ್ದಿದ್ದವು. ಸಾಲ್ಮನ್ ಅದನ್ನು ತಿಂದು ಕೊಬ್ಬಿತು, ಸಣ್ಣ ದೋಣಿಯ ಗಾಳದವರು ಸಾಲ್ಮನ್ ಹಿಂದೆ ಹೊರಟರು. ಆದರೆ ಬೇಸಿಗೆ ಬಂದರೆ ಮೀನು ಮೇಲ್ನೀರಿನಲ್ಲಿ ಸಿಗುವುದಿಲ್ಲ, ಹತ್ತು ಹದಿನೈದು ಮಾರು ಕೆಳಗಿರುತ್ತದೆ. ಅಷ್ಟು ಆಳಕ್ಕೆ ಗಾಳವನ್ನು ಇಳಿಸಿ ಅಲ್ಲೇ ಹಿಡಿದಿಡುವುದು ಹೇಗೆ ಎಂಬುದೇ ಅವರ ದೊಡ್ಡ ಪ್ರಶ್ನೆಯಾಯಿತು.

ಮೀನು ಅಲ್ಲಿಗೆ ಇಳಿಯುವುದು ನೀರಿನ ಪದರಗಳ ಕಾರಣದಿಂದ. ಸಿಹಿನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ನೀರು ತಳ ಸೇರುತ್ತದೆ. ಬೇಸಿಗೆಯ ಬಿಸಿಲಿಗೆ ಮೇಲಿನ ನೀರು 20 ಡಿಗ್ರಿ ದಾಟುತ್ತದೆ, ಹಗುರವಾದ್ದರಿಂದ ಮೇಲೇ ನಿಲ್ಲುತ್ತದೆ. ಎರಡರ ನಡುವೆ ಕೆಲವೇ ಮೀಟರಿನ ಒಂದು ಪಟ್ಟಿಯಲ್ಲಿ ತಾಪಮಾನ ಗಬಕ್ಕನೆ ಇಳಿಯುತ್ತದೆ. ಇದಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ಚಿನೂಕ್ ಸಾಲ್ಮನ್ ಹೆಚ್ಚಾಗಿ 10ರಿಂದ 13 ಡಿಗ್ರಿಯ ನೀರನ್ನು ಹುಡುಕುತ್ತದೆ, ಲೇಕ್ ಟ್ರೌಟ್ ಇನ್ನೂ ತಣ್ಣಗಿನದನ್ನು, ರೇನ್‌ಬೋ ಟ್ರೌಟ್ ಸ್ವಲ್ಪ ಬೆಚ್ಚಗಿನದನ್ನು. ಹಾಗಾಗಿ ಅಲ್ಲಿನ ಜಾಣ ಗಾಳದವರು ಬೆಳಿಗ್ಗೆ ಮೊದಲು ಇಳಿಸುವುದು ಗಾಳವನ್ನಲ್ಲ, ಥರ್ಮಾಮೀಟರನ್ನು. ದಡದ ಕಡೆಯಿಂದ ಗಾಳಿ ಬೀಸಿ ಮೇಲಿನ ಬೆಚ್ಚನೆಯ ನೀರನ್ನು ಆಚೆ ತಳ್ಳಿದರೆ, ತಣ್ಣೀರು ಕೆಳಗಿನಿಂದ ಎದ್ದು ದಡಕ್ಕೇ ಬಂದುಬಿಡುತ್ತದೆ. ನಿನ್ನೆ ಹದಿನೈದು ಮಾರಿನಲ್ಲಿದ್ದ ಮೀನು ಇವತ್ತು ನಾಲ್ಕು ಮಾರಿನಲ್ಲಿ ಸಿಗುತ್ತದೆ.

ಇದು ನಮ್ಮ ಕರಾವಳಿಗೆ ತೀರಾ ಅಪರಿಚಿತವಲ್ಲ. ಮಳೆಗಾಲದಲ್ಲಿ ಮಾರುತಗಳ ಹೊಡೆತಕ್ಕೆ ಮೇಲಿನ ನೀರು ಸರಿದು, ಕಡಲಿನ ಆಳದ ತಂಪಾದ, ಆಮ್ಲಜನಕ ಕಡಿಮೆ ಇರುವ ನೀರು ಕೇರಳ, ಕರ್ನಾಟಕದ ದಡದ ಕಡೆಗೆ ತೆವಳಿ ಬರುತ್ತದೆ. ಬೂತಾಯಿ, ಬಂಗುಡೆಗೆ ಮೇವು ಹುಟ್ಟುವುದು ಈ ನೀರು ತರುವ ಪೋಷಕಾಂಶದಿಂದಲೇ. ಮಳೆ ನಿಂತ ಕೂಡಲೇ ಈ ತಂಪು ಪದರ ಮಾಯವಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು, ಕಡಲು ತಗ್ಗಿ, ಸಣ್ಣ ದೋಣಿಗಳು ಧೈರ್ಯವಾಗಿ ಹೊರಗೆ ಹೋಗುವ ಸೆಪ್ಟೆಂಬರ್‌ ಹೊತ್ತಿಗೂ ತಳದಲ್ಲಿ ಅದು ಉಳಿದಿರುತ್ತದೆ. ಅಂಜಲ್ ಬೆಚ್ಚನೆಯ, ತಿಳಿಯಾದ, ಉಸಿರಾಡಲು ಸಾಕಷ್ಟು ಆಮ್ಲಜನಕ ಇರುವ ನೀರಿನ ಮೀನು. ತಳದ ಆ ಪದರಕ್ಕೆ ಅದು ಇಳಿಯಲು ಒಪ್ಪುವುದಿಲ್ಲ. ಹದಿನೈದು ಮಾರು ಆಳದ ಜಾಗದಲ್ಲಿ ಕೆಳಗಿನ ಏಳು ಮಾರು ತಂಪುನೀರಾದರೆ, ಗಾಳ ಓಡಬೇಕಾದದ್ದು ಮೇಲಿನ ಎಂಟು ಮಾರಿನಲ್ಲಿ, ಅದರಲ್ಲೂ ಎರಡು ನೀರು ಸೇರುವ ಗೆರೆಯ ಸ್ವಲ್ಪ ಮೇಲೆ. ಸರೋವರದಲ್ಲಿ ಸಾಲ್ಮನ್ ತಂಪನ್ನು ಅರಸಿ ಕೆಳಗೆ ಹೋಗುತ್ತದೆ, ನಮ್ಮಲ್ಲಿ ಅಂಜಲ್ ತಂಪಿಗೆ ಬೆನ್ನು ಹಾಕಿ ಮೇಲೆ ಬರುತ್ತದೆ. ದಿಕ್ಕು ಬೇರೆಯಾದರೂ ಹುಡುಕಬೇಕಾದ ಗೆರೆ ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ದಡದ ಹತ್ತಿರದ ನೀರೆಲ್ಲ ಮೇಲಿಂದ ಕೆಳಗೆ ಹೆಚ್ಚುಕಡಿಮೆ ಒಂದೇ ಬಿಸಿ ಇರುವಾಗ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಆಗ ಬೂತಾಯಿ, ಬಂಗುಡೆಯ ಹಿಂಡು ಯಾವ ಆಳದಲ್ಲಿದೆ ಎಂಬುದೇ ದಾರಿ ತೋರಿಸುತ್ತದೆ.

ಈ ಗೆರೆಯನ್ನು ಕಂಡುಹಿಡಿಯಲು ದುಬಾರಿ ಯಂತ್ರ ಬೇಕಿಲ್ಲ. ಶಬ್ದದ ಪ್ರತಿಧ್ವನಿಯಿಂದ ನೀರಿನೊಳಗನ್ನು ತೋರಿಸುವ ಫಿಶ್‌ಫೈಂಡರ್ ಇದ್ದರೆ ಅದರ ಗೇನ್ (ಸೂಕ್ಷ್ಮತೆ) ಏರಿಸಿ ನೋಡಿ, ಎರಡು ನೀರು ಕೂಡುವ ಕಡೆ ಮಂಜಿನಂಥ ತೆಳು ಪಟ್ಟಿ ಕಾಣುವುದುಂಟು. ಅದಿಲ್ಲದಿದ್ದರೆ ಒಂದು ಲೀಟರಿನ ಗಟ್ಟಿ ಬಾಟಲಿ ಸಾಕು. ಬಾಟಲಿಯ ಬುಡಕ್ಕೆ ಎರಡು ಕಿಲೋ ಸೀಸ ಕಟ್ಟಿ. ಬಾಯಿಗೆ ಬಿಗಿಯಾಗದ ಒಂದು ಬೆಂಡಿನ ಬಿರಡೆ, ಆ ಬಿರಡೆಗೆ ಬೇರೆಯದೇ ಒಂದು ದಾರ. ಬಾಟಲಿಯ ಹಗ್ಗಕ್ಕೆ ಪ್ರತಿ ಎರಡು ಮೀಟರಿಗೆ ಒಂದು ಬಣ್ಣದ ನೂಲು ಸುತ್ತಿ, ಹತ್ತು ಮೀಟರಿಗೆ ಕೆಂಪು. ಬೇಕಾದ ಆಳಕ್ಕೆ ಇಳಿಸಿ, ದಾರವನ್ನು ಜಗ್ಗಿ ಬಿರಡೆ ಕೀಳಿ, ಒಂದು ನಿಮಿಷ ಬಿಟ್ಟು ಮೇಲೆತ್ತಿ, ಕೂಡಲೇ ಥರ್ಮಾಮೀಟರ್ ಅದ್ದಿ. ತಡಮಾಡಿದರೆ ಬಾಟಲಿಯ ನೀರು ದೋಣಿಯ ಬಿಸಿಲಿಗೆ ಬಿಸಿಯಾಗಿ ಲೆಕ್ಕ ಹಾಳಾಗುತ್ತದೆ. ಖಾಲಿ ಬಾಟಲಿ ಆಳದ ಒತ್ತಡಕ್ಕೆ ಅಪ್ಪಚ್ಚಿಯಾಗುವುದರಿಂದ ತೆಳು ಪ್ಲಾಸ್ಟಿಕ್‌ನದ್ದು ಬೇಡ, ದಪ್ಪ ಗಾಜಿನದ್ದೇ ಆಗಬೇಕು. ಐದು, ಹತ್ತು, ಹದಿನೈದು, ಇಪ್ಪತ್ತು ಮೀಟರಿನಲ್ಲಿ ಹೀಗೆ ನಾಲ್ಕು ಸಲ ಮಾಡಿದರೆ ನೀರಿನ ಮೆಟ್ಟಿಲು ಎಲ್ಲಿದೆ ಎಂದು ಗೊತ್ತಾಗುತ್ತದೆ. ಎರಡು ಅಳತೆಯ ನಡುವೆ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಗೆರೆ ಆ ಎರಡರ ನಡುವೆಯೇ ಇದೆ.

ಇನ್ನು ಗಾಳವನ್ನು ಅಲ್ಲಿಗೆ ಮುಟ್ಟಿಸುವ ಕೆಲಸ. ಸರೋವರದವರ ಮುಖ್ಯ ಸಾಧನ ಡೌನ್‌ರಿಗ್ಗರ್. ದೋಣಿಯ ಅಂಚಿಗೆ ಭದ್ರಪಡಿಸಿದ ಒಂದು ರಾಟೆ, ಅದರಲ್ಲಿ ತೆಳು ಉಕ್ಕಿನ ಕೇಬಲ್, ತುದಿಗೆ ನಾಲ್ಕೂವರೆಯಿಂದ ಐದೂವರೆ ಕಿಲೋ ತೂಕದ ಸೀಸದ ಗುಂಡು, ಎಷ್ಟು ಕೇಬಲ್ ಇಳಿಯಿತು ಎಂದು ತೋರಿಸುವ ಕೌಂಟರ್. ರಾಡಿನ ದಾರವನ್ನು ಗುಂಡಿನ ಹತ್ತಿರದ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಗುಂಡನ್ನು ಇಳಿಸುತ್ತಾರೆ. ಮೀನು ಕಚ್ಚಿದ ಕೂಡಲೇ ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ, ಆಮೇಲಿನ ಹೋರಾಟದಲ್ಲಿ ಗುಂಡಿನ ಭಾರ ಇರುವುದಿಲ್ಲ. ಈ ಏರ್ಪಾಟಿನ ಸೊಗಸು ಇರುವುದು ಇಲ್ಲೇ. ದಾರಕ್ಕೇ ಸೀಸ ಕಟ್ಟಿ ಮುಳುಗಿಸಿದರೆ ಮೀನಿನ ಜೊತೆ ಸೀಸವನ್ನೂ ಎಳೆಯಬೇಕು, ಮೀನು ತಲೆ ಕೊಡವಿದಾಗ ಆ ಸೀಸದ ತೂಗಾಟಕ್ಕೇ ಗಾಳ ಬಾಯಿಂದ ಜಾರಿಬಿಡುತ್ತದೆ.

ಕ್ಲಿಪ್ ಇಲ್ಲದಿದ್ದರೆ ಅಂಗಡಿಯ ಸಾಮಾನ್ಯ ರಬ್ಬರ್ ಬ್ಯಾಂಡ್ ಸಾಕು. ಗಾಳದಿಂದ ಹತ್ತು ಹನ್ನೆರಡು ಮೀಟರ್ ಮೇಲೆ ದಾರದ ಮೇಲೆ ಬ್ಯಾಂಡನ್ನು ಇಟ್ಟು, ಅದರ ಒಂದು ತುದಿಯನ್ನು ಇನ್ನೊಂದು ತುದಿಯ ಒಳಗಿಂದ ತೂರಿಸಿ ಬಿಗಿಯಾಗಿ ಎಳೆಯಿರಿ. ಉಳಿದ ತುದಿಯನ್ನು ಗುಂಡಿನ ಕೊಕ್ಕೆಗೆ ಸಿಕ್ಕಿಸಿ. ಅಂಜಲ್ ಹೊಡೆದರೆ ಬ್ಯಾಂಡ್ ಹರಿಯುತ್ತದೆ, ತುಂಡು ದಾರದ ಮೇಲೆ ಉಳಿದರೂ ರಾಡಿನ ಬಳೆಗಳಲ್ಲಿ ತೂರಿ ಹೋಗುತ್ತದೆ. ದಪ್ಪ ಬ್ಯಾಂಡ್ ಹಾಕಿದರೆ ಸಣ್ಣ ಮೀನು ಸಿಕ್ಕಿಕೊಂಡರೂ ಹರಿಯದೆ, ಗಂಟೆಗಟ್ಟಲೆ ಸತ್ತ ಮೀನನ್ನು ಎಳೆದುಕೊಂಡು ತಿರುಗುವ ಹಾಗಾಗುತ್ತದೆ. ತೀರಾ ಹಳತಾದರೆ ಅಲೆಯ ಕುಲುಕಿಗೇ ತುಂಡಾಗುತ್ತದೆ. ಹೊಸ, ತೆಳು ಬ್ಯಾಂಡ್ ಇರಲಿ, ಉಪ್ಪುನೀರು ತಾಗಿದ ಬ್ಯಾಂಡನ್ನು ಮಾರನೆಯ ದಿನಕ್ಕೆ ಇಡಬೇಡಿ.

ಕೌಂಟರ್ ಹೇಳುವುದು ಆಳವಲ್ಲ, ಬಿಟ್ಟ ಕೇಬಲ್‌ನ ಉದ್ದ. ಇಲ್ಲಿ ಎಡವುವವರು ಬಹಳ. ದೋಣಿ ಮುಂದೆ ಹೋದಂತೆ ನೀರಿನ ತಡೆಗೆ ಗುಂಡು ಹಿಂದೆ ಸರಿದು, ಕೇಬಲ್ ಓರೆಯಾಗುತ್ತದೆ. ಕೇಬಲ್ ನೆಟ್ಟಗಿನ ಗೆರೆಯಿಂದ 30 ಡಿಗ್ರಿ ಓರೆಯಾದರೆ ನಿಜವಾದ ಆಳ ಕೇಬಲ್‌ನ ಉದ್ದದ 87 ಶೇಕಡಾ, 45 ಡಿಗ್ರಿಯಾದರೆ 71 ಶೇಕಡಾ. ಇಪ್ಪತ್ತು ಮೀಟರ್ ಬಿಟ್ಟು ಇಪ್ಪತ್ತರಲ್ಲೇ ಇದೆ ಎಂದು ನಂಬಿ ಕೂತರೆ ಗುಂಡು ಹದಿನಾಲ್ಕರಲ್ಲಿ ಓಡುತ್ತಿರುತ್ತದೆ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ರಾಟೆಯ ಪಕ್ಕ ಅಂಟಿಸಿಕೊಂಡರೆ ಈ ತಪ್ಪು ಆಗುವುದಿಲ್ಲ.

ಓರೆ ಹೆಚ್ಚುವುದು ವೇಗದಿಂದ. ವೇಗ ಎರಡರಷ್ಟಾದರೆ ನೀರಿನ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಸಾಲ್ಮನ್‌ಗೆ ಸರೋವರದವರು ಎಳೆಯುವ ವೇಗ ಗಂಟೆಗೆ 3ರಿಂದ 4.5 ಕಿಲೋಮೀಟರ್, ನಡಿಗೆಯ ವೇಗ. ನಮ್ಮವರು ಅಂಜಲಿಗೆ ಪ್ಲಾಸ್ಟಿಕ್ ಲೂರ್ ಎಳೆಯುವುದು 9ರಿಂದ 12 ಕಿಲೋಮೀಟರಿನಲ್ಲಿ. ಆ ವೇಗದಲ್ಲಿ ಐದು ಕಿಲೋ ಗುಂಡು ಮೇಲಕ್ಕೆ ತೇಲಿ ಬಂದಂತಾಗಿ ಉಪಯೋಗವಿಲ್ಲ. ಹಾಗಾಗಿ ಡೌನ್‌ರಿಗ್ಗರನ್ನು ಜೀವಂತ ಬಂಗುಡೆಗೆ, ಇಲ್ಲವೇ ಈಗಷ್ಟೇ ಸತ್ತ ಬಂಗುಡೆಗೆ ಇಡಿ. ಅದನ್ನು ಎಳೆಯಬೇಕಾದದ್ದೂ ನಡಿಗೆಯ ವೇಗದಲ್ಲೇ. ವೇಗದ ಲೂರ್‌ಗೆ ಬೇರೆ ಉಪಾಯಗಳಿವೆ. ಮೂತಿಗೆ ಉದ್ದ ನಾಲಗೆ ಇರುವ ಡೈವಿಂಗ್ ಲೂರ್ ತಾನೇ ನೀರನ್ನು ಅಗೆದು ಕೆಳಗಿಳಿಯುತ್ತದೆ. ಪೆಟ್ಟಿಗೆಯ ಮೇಲೆ 20 ಅಡಿ, 30 ಅಡಿ ಎಂದು ಬರೆದಿರುವುದು ಒಂದು ನಿರ್ದಿಷ್ಟ ದಪ್ಪದ ದಾರಕ್ಕೆ, ನಿರ್ದಿಷ್ಟ ಉದ್ದಕ್ಕೆ. ದಪ್ಪ ನೈಲಾನ್ ತಂಗೂಸು ಹಾಕಿದರೆ ನೀರಿನ ತಡೆ ಹೆಚ್ಚಿ ಅದು ಅಷ್ಟು ಆಳಕ್ಕೆ ಹೋಗುವುದಿಲ್ಲ, ತೆಳುವಾದ ಹೆಣಿಗೆಯ ದಾರ, ಅಂದರೆ ಬ್ರೇಡ್, ಹಾಕಿದರೆ ಇನ್ನೂ ಕೆಳಗೆ ಹೋಗುತ್ತದೆ. ಆಳ ಗೊತ್ತಿರುವ ಮರಳುತಳದ ಮೇಲೆ ಸ್ವಲ್ಪ ಸ್ವಲ್ಪವೇ ದಾರ ಬಿಡುತ್ತ ಹೋಗಿ, ನಾಲಗೆ ಮರಳಿಗೆ ತಾಗಿ ರಾಡ್ ತಡವರಿಸಿದಾಗ ಬಿಟ್ಟ ದಾರದ ಉದ್ದವನ್ನು ಗುರುತು ಮಾಡಿಕೊಳ್ಳುವುದೇ ಸರಿಯಾದ ಪರೀಕ್ಷೆ.

ಸರೋವರದವರ ಇನ್ನೊಂದು ಸಾಧನ ಲೆಡ್‌ಕೋರ್, ಒಳಗೆ ಸೀಸದ ತಂತಿ ಇರುವ ದಾರ. ಪ್ರತಿ ಹತ್ತು ಗಜಕ್ಕೆ ಬಣ್ಣ ಬದಲಾಗುತ್ತದೆ, ನಡಿಗೆಯ ವೇಗದಲ್ಲಿ ಒಂದು ಬಣ್ಣ ಬಿಟ್ಟರೆ ಸುಮಾರು ಐದು ಅಡಿ ಇಳಿಯುತ್ತದೆ. ನಮ್ಮ ಲೂರ್ ವೇಗಕ್ಕೆ ಅದು ಹೊಂದುವುದಿಲ್ಲ.

ವೇಗದ ಮಾತಿಗೆ ಬಂದರೆ, ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ, ಮೀನಿಗೆ ಕಾಣುವುದು ನೀರಿನೊಳಗಿನ ವೇಗ. ಒಯಿಲು, ಅಂದರೆ ಕಡಲನೀರಿನ ಹರಿವು, ಗಂಟೆಗೆ 2 ಕಿಲೋಮೀಟರ್ ಇದ್ದರೆ, ಒಯಿಲಿನ ಜೊತೆ ಹೋಗುವಾಗ ಜಿಪಿಎಸ್‌ನಲ್ಲಿ 10 ಕಂಡರೂ ಲೂರ್‌ನ ಮೈಗೆ ತಾಗುವುದು 8, ಎದುರು ಹೋಗುವಾಗ 12. ತೆಂಕಕ್ಕೆ ಎಳೆದಾಗ ಮೀನು ಕಚ್ಚಿ, ಅದೇ ಗೆರೆಯಲ್ಲಿ ಬಡಗಕ್ಕೆ ಎಳೆದಾಗ ಕಚ್ಚದಿದ್ದರೆ ಮೀನು ಹೋಗಿಬಿಟ್ಟಿತು ಎಂದುಕೊಳ್ಳುವ ಮೊದಲು ವೇಗ ನೋಡಿ. ನಂಬಬೇಕಾದದ್ದು ರಾಡಿನ ತುದಿಯನ್ನು. ಲೂರ್ ಸರಿಯಾಗಿ ಈಜುತ್ತಿದ್ದರೆ ತುದಿ ಒಂದೇ ಸಮನೆ ಅದುರುತ್ತದೆ. ಅದುರು ನಿಂತು ತುದಿ ಸುಮ್ಮನೆ ಬಾಗಿದ್ದರೆ ಗಾಳಕ್ಕೆ ಪ್ಲಾಸ್ಟಿಕ್ ಚೀಲವೋ ಕಸವೋ ಸುತ್ತಿಕೊಂಡಿದೆ. ಮಳೆಗಾಲದ ಬೆನ್ನಿಗೆ ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಬಾಗಿಲಿನ ಆಚೆ ಇದು ಮತ್ತೆ ಮತ್ತೆ ಆಗುತ್ತದೆ. ಆಗ ಒಂದು ಕ್ಷಣವೂ ಎಳೆಯದೆ ದಾರ ಸುತ್ತಿ ಬಿಡಿಸಿ. ಅದೇ ಅಳಿವೆಯ ಆಚೆ ಕೆಂಪುನೀರು ನಿಂತು ಹಸಿರುನೀರು ಶುರುವಾಗುವ ಗೆರೆ ಕಂಡರೆ, ಹಸಿರಿನ ಬದಿಯಲ್ಲಿ ಗೆರೆಗೆ ಸಮಾನಾಂತರವಾಗಿ ಎಳೆಯಿರಿ. ಸಣ್ಣ ಮೀನು ಆ ಅಂಚಿಗೆ ಅಂಟಿಕೊಂಡಿರುತ್ತದೆ, ಅಂಜಲ್ ತಿಳಿನೀರಿನಿಂದ ಅದರ ಮೇಲೆ ಬೀಳುತ್ತದೆ.

ದೋಣಿಯನ್ನು ನೇರಕ್ಕೇ ಓಡಿಸಬೇಡಿ. ದೊಡ್ಡ ದೊಡ್ಡ ಬಳುಕಿನಲ್ಲಿ ಹೋದರೆ ಪ್ರತಿ ತಿರುವೂ ಒಂದು ಪರೀಕ್ಷೆಯಾಗುತ್ತದೆ. ತಿರುವಿನ ಹೊರಬದಿಯ ಗಾಳ ವೇಗ ಹೆಚ್ಚಿಸಿಕೊಳ್ಳುತ್ತದೆ, ಒಳಬದಿಯದ್ದು ನಿಧಾನವಾಗುತ್ತದೆ. ಹೊರಬದಿಗೆ ಕಚ್ಚಿದರೆ ದೋಣಿಯ ವೇಗ ಸ್ವಲ್ಪ ಏರಿಸಿ. ಒಳಬದಿಗೆ ಕಚ್ಚಿದರೆ ಇಳಿಸಿ, ಮತ್ತು ಆ ಗಾಳ ಮುಳುಗುವ ಜಾತಿಯದ್ದಾಗಿದ್ದರೆ ಇನ್ನೂ ಆಳಕ್ಕೆ ಹೋಗಿ. ಹೆಚ್ಚು ಹಣ ಖರ್ಚಿಲ್ಲದೆ ಕಡಲು ತಾನೇ ಕೊಡುವ ಉತ್ತರ ಇದು, ಇದನ್ನು ಗಮನಿಸದೆ ಬಿಡುವುದು ದೊಡ್ಡ ನಷ್ಟ. ತಿರುವು ಮಾತ್ರ ಅಗಲವಾಗಿರಲಿ, ಗಕ್ಕನೆ ತಿರುಗಿಸಿದರೆ ನಾಲ್ಕೂ ದಾರ ಒಂದಾಗಿ ಬೆಳಗ್ಗೆಯ ಒಳ್ಳೆಯ ಹೊತ್ತು ಗಂಟು ಬಿಡಿಸುವುದರಲ್ಲೇ ಹೋಗುತ್ತದೆ.

ಸಾಲ್ಮನ್‌ಗೆ ಬೇಡದ, ಅಂಜಲಿಗೆ ಬೇಕೇಬೇಕಾದ ಒಂದು ವಸ್ತು ಉಕ್ಕಿನ ತಂತಿ. ಅಂಜಲಿನ ಹಲ್ಲಿಗೆ ಯಾವ ನೈಲಾನೂ ನಿಲ್ಲುವುದಿಲ್ಲ. ಗಾಳಕ್ಕೂ ದಾರಕ್ಕೂ ನಡುವೆ 40ರಿಂದ 60 ಪೌಂಡ್ ತಾಳುವ ಒಂಟಿ ಎಳೆಯ ತಂತಿ ಒಂದೂವರೆ ಅಡಿ ಸಾಕು, ಉದ್ದ ಹೆಚ್ಚಾದಷ್ಟೂ ಲೂರ್ ಈಜು ಮರೆಯುತ್ತದೆ. ತಂತಿಗೆ ಗಂಟು ಹಾಕಲಾಗದು, ಹೊಸೆಯಬೇಕು. ಗಾಳದ ಕಣ್ಣಿನಲ್ಲಿ ತಂತಿ ತೂರಿಸಿ, ಎರಡೂ ಎಳೆಗಳು ಒಂದರ ಮೇಲೊಂದು ಸಮವಾಗಿ ಎಕ್ಸ್ ಆಕಾರದಲ್ಲಿ ದಾಟುವ ಹಾಗೆ ನಾಲ್ಕೈದು ಸುತ್ತು ಹೊಸೆಯಿರಿ. ಒಂದು ಎಳೆ ನೆಟ್ಟಗಿದ್ದು ಇನ್ನೊಂದು ಅದರ ಸುತ್ತ ಬಳ್ಳಿಯ ಹಾಗೆ ಸುತ್ತಿಕೊಂಡರೆ ಭಾರ ಬಿದ್ದಾಗ ಜಾರುತ್ತದೆ. ಆಮೇಲೆ ತುದಿಯನ್ನು ಅಡ್ಡಕ್ಕೆ ಬಾಗಿಸಿ ಒತ್ತೊತ್ತಾಗಿ ನಾಲ್ಕೈದು ಸುತ್ತು ಹಾಕಿ. ಉಳಿದ ತುದಿಯನ್ನು ಕಟ್ಟರಿನಿಂದ ಕತ್ತರಿಸಬೇಡಿ, ಅದು ಬ್ಲೇಡಿನಂಥ ಮೊನೆ ಬಿಟ್ಟು ಬೆರಳು ಸೀಳುತ್ತದೆ. ತುದಿಯನ್ನು ಸಣ್ಣ ಹಿಡಿಕೆಯ ಹಾಗೆ ಮಡಿಸಿ, ಹಿಂದಕ್ಕೂ ಮುಂದಕ್ಕೂ ತಿರುಗಿಸಿದರೆ ಬುಡದಲ್ಲೇ ನಯವಾಗಿ ಮುರಿಯುತ್ತದೆ. ತಂತಿ ಎಲ್ಲಾದರೂ ಮಡಚಿ ಸುಕ್ಕು ಬಿದ್ದರೆ ಎಸೆದುಬಿಡಿ, ಮುಂದಿನ ಮೀನಿಗೆ ಅದು ಅಲ್ಲೇ ತುಂಡಾಗುತ್ತದೆ. ತಂತಿಯನ್ನು ದಾರಕ್ಕೆ ಸೇರಿಸುವ, ತಿರುಗುವ ಕೊಂಡಿಯಾದ ಸ್ವಿವೆಲ್ ಸಣ್ಣದೂ ಕಪ್ಪು ಬಣ್ಣದ್ದೂ ಆಗಿರಲಿ. ಹೊಳೆಯುವ ಸ್ವಿವೆಲ್‌ಗೆ ಇನ್ನೊಂದು ಅಂಜಲ್ ಬಾಯಿ ಹಾಕಿ ಮೇಲಿನ ದಾರವನ್ನೇ ಕತ್ತರಿಸುತ್ತದೆ.

ಜೀವಂತ ಬಂಗುಡೆಯನ್ನು ಸಬಿಕಿಯಿಂದ, ಅಂದರೆ ಒಂದೇ ದಾರಕ್ಕೆ ಸಾಲಾಗಿ ಕಟ್ಟಿದ ಸಣ್ಣ ಗಾಳಗಳಿಂದ, ಹಿಡಿದು, ನೀರು ಬದಲಾಗುತ್ತಿರುವ ತೊಟ್ಟಿಯಲ್ಲಿ ಇಡಿ. ಮೂಗಿನ ತುದಿಗೆ ಒಂಟಿ ಗಾಳ, ಅದರಿಂದ ತಂತಿಯ ಮೂಲಕ ಬಾಲದ ಹತ್ತಿರಕ್ಕೆ ಮೂರು ಮೊನೆಯ ಸಣ್ಣ ಗಾಳ. ಅಂಜಲ್ ಮೊದಲು ಬಾಲವನ್ನು ಕತ್ತರಿಸುತ್ತದೆ, ಹಿಂದೆ ಗಾಳ ಇಲ್ಲದಿದ್ದರೆ ಅರ್ಧ ಬಂಗುಡೆ ಮಾತ್ರ ವಾಪಸ್ ಬರುತ್ತದೆ. ನಡುವಿನ ತಂತಿ ಸಡಿಲವಾಗಿರಬೇಕು, ಬಿಗಿಯಾದರೆ ಮೀನು ಈಜಲಾರದೆ ಬಿಲ್ಲಿನ ಹಾಗೆ ಬಾಗಿ ಗರಗರ ತಿರುಗಿ ದಾರವನ್ನೆಲ್ಲ ಹುರಿ ಮಾಡುತ್ತದೆ.

ರೀಲಿನ ಡ್ರ್ಯಾಗನ್ನು, ಅಂದರೆ ದಾರ ಹೊರಡುವುದನ್ನು ತಡೆಯುವ ಬ್ರೇಕನ್ನು, ಕೈಯಂದಾಜಿನಲ್ಲಿ ಬಿಗಿ ಮಾಡಬೇಡಿ, ಸ್ಪ್ರಿಂಗ್ ತಕ್ಕಡಿ ಹಿಡಿದು ಎಳೆದು ನೋಡಿ. 30 ಪೌಂಡ್ ದಾರಕ್ಕೆ ಸುಮಾರು ಮೂರು ಕಿಲೋ ಎಳೆತಕ್ಕೆ ದಾರ ಹೊರಡಬೇಕು, ಸಣ್ಣ ತ್ರಿಮೊನೆ ಗಾಳಕ್ಕೆ ಎರಡು ಕಿಲೋ ಸಾಕು. ಅಂಜಲಿನ ಮೊದಲ ಓಟವನ್ನು ತಡೆಯಲು ಹೋದರೆ ಗಾಳ ನೆಟ್ಟಗಾಗುತ್ತದೆ, ಇಲ್ಲವೇ ತುಟಿ ಹರಿದು ಕಳಚುತ್ತದೆ. ಕಚ್ಚಿದ ಕೂಡಲೇ ಎಂಜಿನ್ ಆರಿಸದೆ ನಿಧಾನಕ್ಕೆ ಮುಂದಕ್ಕೇ ಇರಿ, ದಾರ ಸಡಿಲಾಗಬಾರದು. ಉಳಿದ ಗಾಳಗಳನ್ನೂ ಗುಂಡನ್ನೂ ಮೇಲೆತ್ತಿ. ಮೀನು ದೋಣಿಯನ್ನು ಕಂಡಾಗ ಇನ್ನೊಂದು ಓಟ ಇದ್ದೇ ಇದೆ.

ಅಪಾಯದ ಮಾತು ಗುಂಡಿನದ್ದು. ಸೇಂಟ್ ಮೇರೀಸ್ ದ್ವೀಪಗಳ ಸುತ್ತ ತಳವೆಲ್ಲ ಕಲ್ಲು. ಗುಂಡು ತಳದಿಂದ ಎರಡು ಮಾರು ಮೇಲೇ ಇರಲಿ, ರಾಟೆಯ ಬ್ರೇಕ್ ಜಾರುವಷ್ಟು ಸಡಿಲ ಇರಲಿ. ಬಿಗಿ ಬ್ರೇಕಿನಲ್ಲಿ ಗುಂಡು ಕಲ್ಲಿಗೆ ಸಿಕ್ಕರೆ ಉಕ್ಕಿನ ಕೇಬಲ್ ಹರಿಯದೆ ಸಣ್ಣ ದೋಣಿಯ ಅಂಚನ್ನೇ ಕೆಳಗೆ ಜಗ್ಗುತ್ತದೆ, ಪಕ್ಕದಿಂದ ಅಲೆ ಬಂದರೆ ನೀರು ಒಳಗೆ. ಕೇಬಲ್ ಕತ್ತರಿಸುವ ಕಟ್ಟರ್ ರಾಟೆಯ ಪಕ್ಕದಲ್ಲೇ ನೇತಾಡುತ್ತಿರಲಿ. ಮುಂಜಾನೆ ಬಿಟ್ಟ ಬಲೆಗಳ ತೇಲುಗಳಿಂದ ದೂರ ಇರಿ. ಆ ಬಲೆ ಒಂದು ಮನೆಯ ಅನ್ನ, ಅದರ ಹತ್ತಿರ ಗುಂಡು ಎಳೆಯುವುದು ತಪ್ಪು. ಲೈಫ್ ಜಾಕೆಟ್ ತೊಟ್ಟೇ ಇರಿ, ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554 ಫೋನಿನಲ್ಲಿರಲಿ. ಮಧ್ಯಾಹ್ನದ ಪಡುಗಾಳಿ ಏಳುವ ಮೊದಲೇ ವಾಪಸಾಗಿ.

ದೋಣಿಗೆ ಎಳೆದ ಅಂಜಲಿನ ಬಾಯಿಗೆ ಕೈ ಹಾಕಬೇಡಿ, ಉದ್ದ ಮೂತಿಯ ಇಕ್ಕಳದಿಂದ ಗಾಳ ಬಿಡಿಸಿ. ಕಿವಿರಿನ ಬುಡ ಕತ್ತರಿಸಿ ರಕ್ತ ಬಸಿದು, ಕರುಳು ತೆಗೆದು, ಐಸ್ ಎರಡು ಪಾಲು, ಕಡಲನೀರು ಒಂದು ಪಾಲು ಬೆರೆಸಿದ ಪೆಟ್ಟಿಗೆಯಲ್ಲಿ ಪೂರ್ತಿ ಮುಳುಗಿಸಿ. ಬರಿ ಐಸ್ ಗಡ್ಡೆಯ ಮೇಲಿಟ್ಟರೆ ತಾಗಿದ ಕಡೆ ಮಾತ್ರ ತಂಪಾಗುತ್ತದೆ. ಅಂಜಲ್, ಬಂಗುಡೆ, ಕೇದರ ಒಂದೇ ಬಳಗ. ಬಿಸಿಲಿನಲ್ಲಿ ಬಿಟ್ಟರೆ ಇವುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಹುಟ್ಟಿಸುತ್ತವೆ, ತಿಂದವರಿಗೆ ಮುಖ ಕೆಂಪೇರಿ, ತಲೆನೋವು, ತುರಿಕೆ, ವಾಂತಿ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಹುರಿದರೂ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ನಾಲ್ಕು ಗಾಳ ಎಳೆಯುವ ದೋಣಿಗೆ ಹತ್ತು ಕಿಲೋ ಐಸ್ ಸಾಲದು, ಇಪ್ಪತ್ತು ತುಂಬಿಕೊಂಡೇ ದಕ್ಕೆ ಬಿಡಿ.